ಗೋಡಿನ ಗಾಡಿಗೆ ಅಡ್ಡ ನಿಂತವರು

"ನಿಲ್ಸಮ್ಮ, ಆ ಗೋಡು ಹೊಲಕ್ಕೆ ಹಾಕ್ಬೇಡ!"

ಅರವತ್ತರ ದಶಕದ ಒಂದು ಬೇಸಿಗೆ. ಅವ್ವನೂ ನಾನೂ ಗೂಳೂರು ಕೆರೆಯ ತಳದ ಹೂಳುಮಣ್ಣನ್ನು, ಅಂದರೆ ಗೋಡನ್ನು, ಹೊಲದ ಗೊಬ್ಬರಕ್ಕೆಂದು ಗಾಡಿಯಲ್ಲಿ ಸಾಗಿಸುತ್ತಿದ್ದಾಗ, ಮೇಲ್ಗಡೆಯ ತಾಮ್ರದ ಪಾತ್ರೆ ಕಾರ್ಖಾನೆಯ ಯಜಮಾನರು ಓಡಿಬಂದು ಎತ್ತುಗಳಿಗೆ ಅಡ್ಡ ನಿಂತರು. "ನಮ್ ಪಾತ್ರೆ ತೊಳೆದ ಆಸಿಡ್ ನೀರು ಇಲ್ಲಿಗೇ ಹರೀತದೆ. ಇದೇ ಗೋಡು ಹಾಕಿ ನಮ್ ತೆಂಗಿನ ಸಸಿಗಳೆಲ್ಲ ಸುಟ್ಟೋದ್ವು."

"ಹಂಗಾರೆ ಇಲ್ಲಿ ನೀರು ಕುಡಿಯೋ ನಮ್ ದನಗಳ ಗತಿ ಏನ್ ಸ್ವಾಮಿ?" ಎಂದಳು ಅವ್ವ.

ಅವರು ತಲೆ ತಗ್ಗಿಸಿದರು. "ಆ ನೀರು ಬಿಡೋದು ನಿಲ್ಲಿಸ್ತೀನಿ ತಾಯಿ."

ಆ ವಾರವೇ ಕಾರ್ಖಾನೆಯಿಂದ ಕೆರೆಗೆ ಬರುತ್ತಿದ್ದ ಕಾಲುವೆ ಮುಚ್ಚಿಸಿ, ಕೊಳೆನೀರಿಗೆ ತಮ್ಮ ಹಿತ್ತಿಲಲ್ಲೇ ಗಾರೆ ತೊಟ್ಟಿ ಕಟ್ಟಿಸಿದರು. ಕಾಲುವೆ ಬಾಯಲ್ಲಿ ತಾಮ್ರದ ಕಿಲುಬಿನಿಂದ ಹಸಿರುಗಟ್ಟಿದ್ದ ಗೋಡನ್ನೂ ತೆಗೆಸಿದರು. ಕೆಲವು ವರ್ಷಗಳಲ್ಲಿ ಅಲ್ಲಿಯವರೆಗೆ ಹುಲ್ಲೂ ಬೆಳೆಯದೆ ಬರಡಾಗಿದ್ದ ಆ ಕೆರೆ ದಂಡೆಯಲ್ಲಿ ಜೊಂಡು ಎದ್ದಿತು, ಕಪ್ಪೆಗಳು ಕೂಗಿದವು.

ಅವರು ಸುಮ್ಮನಿದ್ದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಕೆಟ್ಟದ್ದನ್ನು ಮನುಷ್ಯ ಸರಿಮಾಡಬಲ್ಲ ಎಂಬ ಧೈರ್ಯ ನನಗೆ ಬಂದದ್ದು ಆಗಲೇ.