ಪಿಲ್ಸುನ್ ಹಾರಿಸಿದ ನಾಲ್ಕು ಪುಟ

ಬೆಳಗಿನ ಐದು ಗಂಟೆ. ಕೊರಿಯಾದ ತೆಂಕಣ ಕಡಲಂಚಿನ ದೊಲ್‌ಗೇ ಊರು. ಶೆಡ್ಡಿನಲ್ಲಿ ಹನ್ನೊಂದು ಹೆಂಗಸರು ನಿಂತುಕೊಂಡೇ ಸಿಂಪಿಯ ಚಿಪ್ಪು ಬಿಡಿಸುತ್ತಿದ್ದಾರೆ. ಹನ್ನೆರಡನೆಯವರು ಗೂ ಪಿಲ್ಸುನ್, ವಯಸ್ಸು ಅರವತ್ತೆಂಟು. ಅವರ ಕೈಯಲ್ಲಿ ಚಾಕುವಿಲ್ಲ, ಕಾದಂಬರಿಯಿದೆ. ಮಗುಚಿಟ್ಟ ಬುಟ್ಟಿಯ ಮೇಲೆ ಕೂತು, ಚಿಪ್ಪು ಬೀಳುವ ಸದ್ದನ್ನೂ ಮೀರಿಸಿ ಗಟ್ಟಿಯಾಗಿ ಓದುತ್ತಿದ್ದಾರೆ.

ಮೂವತ್ತೊಂದು ವರ್ಷ ಅವರೂ ದಿನಕ್ಕೆ ಮೂರು ಸಾವಿರ ಚಿಪ್ಪು ಬಿಡಿಸಿದವರೇ. ಮೂರು ಚಳಿಗಾಲದ ಹಿಂದೆ ಬಲಗೈ ಬೆರಳುಗಳು ಮಡಚದಾದವು. "ಮನೇಲಿ ಕೂತ್ರೆ ಗೋಡೆ ಜೊತೆ ಜಗಳ ಆಡಬೇಕಿತ್ತು. ನಾನು ಓದ್ತೀನಿ, ನೀವು ಬಿಡಿಸಿ ಅಂದೆ" ಎನ್ನುತ್ತಾರೆ. ಅಂದಿನಿಂದ, ಕೂಲಿಯ ತೂಕಕ್ಕೆ ಮುಂಚೆ ಪ್ರತಿಯೊಬ್ಬಳೂ ತಾನು ಬಿಡಿಸಿದ ಎರಡು ಹಿಡಿ ಸಿಂಪಿ ಅವರ ಬಕೆಟ್ಟಿಗೆ ಹಾಕುತ್ತಾಳೆ. ಹಾಗೆ ಹಾಕಿ ಎಂದು ಯಾರೂ ಹೇಳಿದ್ದಲ್ಲ.

ಈ ಸಲದ ಕಾದಂಬರಿಯೂ ಇಂಥದ್ದೇ ಕಡಲೂರಿನದು. ಒಂದು ಮನೆಯ ಸಂಕಟ ಇನ್ನೊಂದು ಮನೆಯ ಒಲೆಯವರೆಗೂ ಹಬ್ಬುವ ಕಥೆ. ಶೆಡ್ಡಿನ ಒಬ್ಬೊಬ್ಬಳೂ ಅದರಲ್ಲಿ ತನ್ನವರನ್ನು ಆರಿಸಿಕೊಂಡಿದ್ದಾಳೆ. ಅವರಲ್ಲಿ ಮಾಲ್‌ಜಾ ಎಂಬವಳಿಗೆ ಬಲೆ ಹೆಣೆಯುವ ಹೆಂಡತಿ ಅಚ್ಚುಮೆಚ್ಚು. ಕಳೆದ ವಾರ, ಆ ಹೆಂಡತಿಯ ಗಂಡನ ದೋಣಿ ಮರಳದ ಭಾಗ ಬಂತು. ಒಂಬತ್ತು ವರ್ಷದ ಹಿಂದೆ ಮಾಲ್‌ಜಾಳ ಗಂಡನ ದೋಣಿಯೂ ಮರಳಿರಲಿಲ್ಲ. ಇದನ್ನು ಕೇಳಿ ಅವಳು ನಾಳೆಯಿಂದ ಶೆಡ್ಡಿಗೇ ಬರದಿದ್ದರೆ? ಪಿಲ್ಸುನ್ ಸದ್ದಿಲ್ಲದೆ ನಾಲ್ಕು ಪುಟ ಹಾರಿಸಿದರು.

"ಏ ಅಕ್ಕ, ಈಗಷ್ಟೇ ಗಂಡ ಬೂಟು ಹಾಕ್ಕೊಂಡು ಹೊರಟ. ಆಗಲೇ ಅವಳು ಅವನಿಗೆ ಎಡೆ ಇಡ್ತಿದಾಳೆ. ಮಧ್ಯದ ಪುಟ ಏಡಿ ತಿಂತಾ?" ಮಾಲ್‌ಜಾ ಚಾಕು ಕೆಳಗಿಟ್ಟಳು. "ನಾನು ಬದುಕಿ ಬಂದಿದ್ದನ್ನ ಕೇಳೋಕಾಗಲ್ವಾ? ಓದು."

ಪಿಲ್ಸುನ್ ಓದಿದರು. ಉಳಿದ ಚಾಕುಗಳೂ ನಿಂತವು. ಪುಸ್ತಕದ ಹೆಂಡತಿ ಮೂರು ದಿನ ಒಬ್ಬಳೇ ಕೂತಿದ್ದಳು.

"ಅಯ್ಯೋ, ಅವಳಿಗೆ ಒಬ್ಬರೂ ಗಂಜಿ ತರಲಿಲ್ವಾ?" ಮಾಲ್‌ಜಾ ತೋಳಿನಿಂದ ಮೂಗೊರೆಸಿಕೊಂಡಳು. "ನಮ್ಮನೆ ಬಾಗಿಲಲ್ಲಿ ಹನ್ನೊಂದು ಪಾತ್ರೆ ಇದ್ವು. ಯಾವುದು ಯಾರದ್ದು ಅಂತ ಹುಡುಕಿ ವಾಪಸ್ ಕೊಡೋದ್ರಲ್ಲೇ ತಿಂಗಳು ಕಳೀತು."

"ನಂದಿನ್ನೂ ಬಂದಿಲ್ಲ ಕಣೇ!" ಹಿಂದಿನ ಸಾಲಿನಿಂದ ಯಾರೋ ಕೂಗಿದರು. ನಗುವಿನ ನಡುವೆ ಚಾಕುಗಳು ಮತ್ತೆ ಓಡತೊಡಗಿದವು.

ನಿಮಗೇನು ಬೇಕು ಎಂದು ಕೇಳಿದರೆ ಪಿಲ್ಸುನ್ ಕನ್ನಡಕ ಒರೆಸುತ್ತಾರೆ. "ಮುಂದಿನ ಪುಸ್ತಕದ ಅಕ್ಷರ ಸ್ವಲ್ಪ ದಪ್ಪ ಇದ್ರೆ ಸಾಕು. ಮಿಕ್ಕಿದ್ದೆಲ್ಲ ಇವರು ಕೊಟ್ಟಿದಾರೆ."

ತೂಕದ ಹೊತ್ತಾಗಿದೆ. ಪಿಲ್ಸುನ್ ಅವರ ಬಕೆಟ್ಟಿಗೆ ಮಾಲ್‌ಜಾ ಮೂರು ಹಿಡಿ ಹಾಕುತ್ತಾಳೆ.

"ಎರಡೇ ಕಣೇ."

"ಇನ್ನೊಂದು ಆ ನಾಲ್ಕು ಪುಟಕ್ಕೆ."