ತಟ್ಟಿಯ ಪಕ್ಕ ಅವ್ವ

ನಮ್ಮ ಗುರುಗಳಿಗೆ ಕಿವಿ ಮಂದ. ಬೇರೆಯವರಿಗೆ ಇದು ನಗೆಯ ಮಾತು. ಹನಗೋಡಿನ ಆಚೆ, ಹೊಳೆ ಪಕ್ಕದ ನಮ್ಮೂರಿನ ನಾಲ್ಕಾರು ಕ್ರೈಸ್ತ ಮನೆಗಳಿಗೆ ಮಾತ್ರ ಪ್ರಾಣಸಂಕಟ. ಪಾಪನಿವೇದನೆಗೆ, ಅಂದರೆ ಮಾಡಿದ ಪಾಪವನ್ನು ಗುರುಗಳಿಗೆ ಗುಟ್ಟಾಗಿ ಹೇಳಿಕೊಳ್ಳಲು, ಕೂತವರು ಪಿಸುಗುಟ್ಟಿದರೆ ಬಿದಿರು ತಟ್ಟಿಯ ಆಚೆಯಿಂದ ಆ ಮುದಿ ಫ್ರೆಂಚ್ ಪಾದ್ರಿಗಳು "ಗಟ್ಟಿಯಾಗಿ ಹೇಳಮ್ಮ" ಎನ್ನುತ್ತಿದ್ದರು. ಅದಕ್ಕೇ ನಮ್ಮ ಹೆಂಗಸರು ಒಂದು ಉಪಾಯ ಮಾಡಿಕೊಂಡಿದ್ದರು. ಒಬ್ಬರು ತಟ್ಟಿಯ ಪಕ್ಕ ಮಂಡಿಯೂರಿದ ಕೂಡಲೇ ಉಳಿದವರೆಲ್ಲ ಜಪಮಾಲೆ ಹಿಡಿದು ಗಂಟಲು ಹರಿಯುವಂತೆ ಜಪ ಹೇಳುವುದು. ಮುಂದಾಳು ನನ್ನ ಅಜ್ಜಿ, ಅಪ್ಪನ ತಾಯಿ. ಅವಳ ದನಿಗೆ ಹೊಳೆಯಾಚೆ ಮೇಯುವ ದನಗಳೂ ತಲೆ ಎತ್ತುತ್ತಿದ್ದವು.

ಇಷ್ಟಿದ್ದರೂ ಹಿಂದಿನ ವರ್ಷ, ಯೇಸು ಮತ್ತೆ ಎದ್ದುಬಂದ ಪಾಸ್ಕ ಹಬ್ಬಕ್ಕೆ, ಅವ್ವ ಪಾಪನಿವೇದನೆಗೆ ಹೋಗದೆ ಹೊಟ್ಟೆನೋವೆಂದು ಮಲಗಿಬಿಟ್ಟಿದ್ದಳು. ನಿಜವಾದ ಕಾರಣ ನನಗೆ ಗೊತ್ತಿತ್ತು. ಅದಕ್ಕೂ ಮುಂಚೆ ನನಗೆ ಸಿಡುಬು ಎದ್ದು ಕಣ್ಣು ಮುಚ್ಚಿಹೋಗಿತ್ತು. ಆಗ ಅವ್ವ ಮಾರಮ್ಮನಿಗೆ ಹರಕೆ ಹೊತ್ತಿದ್ದಳು. ನಾನು ಎದ್ದು ಓಡಾಡುವಂತಾದ ಮೇಲೆ ಸೆರಗಿನಡಿ ತಂಬಿಟ್ಟು ಮುಚ್ಚಿಕೊಂಡು, ನನ್ನನ್ನೂ ಊರಾಚೆಯ ಗುಡಿಗೆ ಕರೆದೊಯ್ದು ಕೈ ಮುಗಿಸಿದ್ದಳು. "ನಿಮ್ಮಜ್ಜಿಗೆ ಗೊತ್ತಾದ್ರೆ ನನ್ನ ತೌರಿಗೆ ಅಟ್ಬುಡ್ತಾಳೆ ಕಣೆ" ಎಂದಿದ್ದಳು.

ಅಟ್ಟುವವಳೇ ಸರಿ. ಬಾಗಿಲಿಗೆ ಬೇವಿನಸೊಪ್ಪು ಸಿಕ್ಕಿಸಿದ್ದಕ್ಕೇ ಪಕ್ಕದ ಮನೆಯವಳೊಡನೆ ಮಾತು ಬಿಟ್ಟಿದ್ದವಳು ನನ್ನಜ್ಜಿ. ನನ್ನ ಸಿಡುಬಿನ ದಿನಗಳಲ್ಲೇ ಅವಳ ಕೆಂಪು ಕೋಳಿ ಕಾಣೆಯಾಗಿತ್ತು. ಕಾಡುಬೆಕ್ಕು ಹೊತ್ತುಕೊಂಡು ಹೋಯಿತೆಂದು ಅದಕ್ಕೆ ಹಾಕಿದ ಶಾಪಕ್ಕೆ ಲೆಕ್ಕವಿಲ್ಲ.

ಈ ವರ್ಷ ಅವ್ವ ತುಂಬಿದ ಬಸುರಿ. ಚಿಕ್ಕಮ್ಮ ಹೆರಿಗೆಯಲ್ಲೇ ಹೋಗಿದ್ದಳು. ತಾನೂ ಹಾಗೇ ಹೋದರೆ? ಪಾಪ ಹೇಳದೆ ಸತ್ತರೆ ಗತಿಯೇನು? ಹೇಳಿದರೆ ಅತ್ತೆಯ ಕಿವಿಗೆ ಬಿದ್ದೀತು. ಅವ್ವ ಊಟ ಬಿಟ್ಟಳು. ನಾನು ಬದುಕಿದ್ದೇ ತಪ್ಪಾಯಿತೇನೋ ಎಂದು ನನಗೆ ಅನ್ನಿಸತೊಡಗಿತು. ಮುಖದ ಸಿಡುಬಿನ ಕಲೆಗಳನ್ನು ಉಗುರಿನಿಂದ ಕೆರೆಯುತ್ತಿದ್ದೆ.

ಹಬ್ಬದ ಹಿಂದಿನ ದಿನ ಮಧ್ಯಾಹ್ನ ಗುಡಿಸಲಿನಂಥ ನಮ್ಮ ದೇವಾಲಯದಲ್ಲಿ ಅವ್ವ ಎಲ್ಲರಿಗಿಂತ ಹಿಂದೆ ಕೂತಳು. ಒಬ್ಬೊಬ್ಬರೇ ಹೋಗಿ ಬಂದರು.

"ಏಳೇ, ಸ್ವಾಮ್ಯೋರು ಕಾಯ್ತಾವ್ರೆ" ಎಂದಳು ಅಜ್ಜಿ.

ಅವ್ವ ಎದ್ದಳು. ನನ್ನ ಕೈಯನ್ನು ನೋವಾಗುವಷ್ಟು ಹಿಡಿದಿದ್ದವಳು ಬಿಟ್ಟು ಹೋದಳು. ಜಪ ಶುರುವಾಯಿತು. ಇನ್ನೂ ಜೋರಾಗಿ ಹೇಳಿ, ಇನ್ನೂ ಜೋರಾಗಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಗುರುಗಳು "ಗಟ್ಟಿಯಾಗಿ" ಎಂದರು. ಮತ್ತೆ "ಗಟ್ಟಿಯಾಗಿ" ಎಂದರು. ಒಂದು ಸುತ್ತು ಜಪ ಮುಗಿದು ಅಜ್ಜಿ ಉಸಿರು ತೆಗೆದುಕೊಳ್ಳಲು ನಿಂತ ಹೊತ್ತಿಗೇ ಅವ್ವನ ದನಿ ಒಡೆದು ಬಂತು.

"ಮಾರಮ್ಮನ ಗುಡಿಗೆ ಹೋಗಿದ್ದೆ ಸ್ವಾಮಿ! ಮಗೀಗೆ ಸಿಡುಬಾಗಿತ್ತು, ತಂಬಿಟ್ಟು ಕೊಟ್ಟೆ!"

ಜಪ ಮತ್ತೆ ಏಳಲಿಲ್ಲ. ಎಲ್ಲರೂ ಅಜ್ಜಿಯ ಮುಖ ನೋಡಿದರು. ನಾನು ಮಾತ್ರ ನೋಡಲಿಲ್ಲ. ನನಗೆ ಅಷ್ಟು ಧೈರ್ಯವಿರಲಿಲ್ಲ.

ಕಿವುಡರ ಮಾತು ಯಾವತ್ತೂ ದೊಡ್ಡದು. ಗುರುಗಳ ಪ್ರಶ್ನೆ ಎಲ್ಲರಿಗೂ ಕೇಳಿಸಿತು.

"ಮಗು ಬದುಕಿತೇನಮ್ಮ?"

"ಬದುಕ್ತು ಸ್ವಾಮಿ."

"ಬದುಕಿಸಿದವನಿಗೆ ನಿನ್ನ ಹೆದರಿಕೆಯೂ ಗೊತ್ತು. ಅವನು ಕ್ಷಮಿಸುತ್ತಾನೆ. ಅಳಬೇಡ."

ಅವ್ವ ಕಣ್ಣೊರೆಸಿಕೊಳ್ಳುತ್ತಾ ಬಂದು ಗೋಡೆಯ ಪಕ್ಕ ನಿಂತಳು, ಬೈಗುಳಕ್ಕೆ ಕಾಯುವವಳ ಹಾಗೆ ತಲೆ ತಗ್ಗಿಸಿ. ಅಜ್ಜಿ ಜಪಮಾಲೆಯನ್ನು, ತಾನು ಮಾತು ಬಿಟ್ಟಿದ್ದ ಅದೇ ಪಕ್ಕದ ಮನೆಯವಳ ಕೈಗಿಟ್ಟು, ಮಂಡಿ ಹಿಡಿದುಕೊಂಡು ಎದ್ದಳು. ಅಜ್ಜಿ ಬೆಳಿಗ್ಗೆಯೇ ಎಲ್ಲರಿಗಿಂತ ಮೊದಲು ಪಾಪನಿವೇದನೆ ಮುಗಿಸಿದ್ದವಳು. ಈಗ ಮತ್ತೆ ಹೋಗಿ ತಟ್ಟಿಯ ಪಕ್ಕ ಕೂತಳು. ಪಕ್ಕದ ಮನೆಯವಳು ಗಾಬರಿಯಿಂದ ಜಪಕ್ಕೆ ಬಾಯಿ ತೆರೆದಳು. ಅಜ್ಜಿ ತಿರುಗಿ, ಬೇಡವೆಂದು ಕೈ ಆಡಿಸಿದಳು.

ಆಮೇಲೆ, ಗುರುಗಳು ಕೇಳುವ ಮೊದಲೇ, ಹೊಳೆಯಾಚೆಗೂ ಕೇಳುವ ದನಿಯಲ್ಲಿ ಹೇಳಿದಳು:

"ಸ್ವಾಮಿ, ನನ್ನ ಕೆಂಪು ಕೋಳೀನ ಕಾಡುಬೆಕ್ಕು ಹಿಡೀಲಿಲ್ಲ. ಅದೇ ಮಗೀಗೆ ಅಂತ ನಾನೇ ಮಾರಮ್ಮಂಗೆ ಕೊಟ್ಬುಟ್ಟೆ."