ಅಣ್ಣನ ಕಾರಿನ ಇಂಜಿನ್ನು ಬಿಚ್ಚಿದ್ದು

ಅಣ್ಣನೂ ನಾನೂ ಬಾಡಿಗೆ ಕಾರು ಓಡಿಸಿ ಬದುಕಿದವರು. ಅವನು ಸರಗೂರಿನಲ್ಲಿ, ನಾನು ಹುಣಸೂರಿನಲ್ಲಿ. ಇಬ್ಬರದೂ ಒಂದೇ ಕಂಪನಿಯ, ಒಂದೇ ನಮೂನೆಯ ಹಳೇ ಕಾರು. ಕೆಟ್ಟರೆ ನಾವೇ ಬಿಚ್ಚುತ್ತಿದ್ದೆವು, ನಾವೇ ಕೂಡಿಸುತ್ತಿದ್ದೆವು.

ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗ, ಒಂದು ಮಳೆಗಾಲದಲ್ಲಿ ಅಣ್ಣನಿಗೆ ಚಳಿಜ್ವರ ಬಂತು. ನಮ್ಮ ಹೆಗ್ಗಡದೇವನಕೋಟೆ ಸೀಮೆಯಲ್ಲಿ ಆ ಜ್ವರ ನೋಡದ ಮನೆಯೇ ಇರಲಿಲ್ಲ. ಆದರೆ ಈ ಸಲ ಅದು ತಲೆಗೇರಿತು. ಯುದ್ಧದ ಅಭಾವದಲ್ಲಿ ನನ್ನ ಕಾರಿಗೆ ಆಗ ಟೈರಿರಲಿಲ್ಲ. ಸುದ್ದಿ ತಿಳಿದು ಬಸ್ಸು ಹಿಡಿದು ಹೋದೆ. ಅಣ್ಣನಿಗೆ ಅತ್ತಿಗೆಯ ಗುರುತೂ ಸಿಗುತ್ತಿರಲಿಲ್ಲ. ಅವನದೇ ಕಾರಿನಲ್ಲಿ ಅವನನ್ನು ಮಲಗಿಸಿಕೊಂಡು ಹೊರಟೆವು. ಹೆಗ್ಗಡದೇವನಕೋಟೆಯ ಆಸ್ಪತ್ರೆಯಲ್ಲಿ ನೋಡಿದ ಡಾಕ್ಟರು ಹುಣಸೂರಿನ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ನಾನು ಹಿಂದೆಂದೂ ಓಡಿಸದ ವೇಗದಲ್ಲಿ ಓಡಿಸಿದೆ. ಕೋಟೆ ದಾಟಿ ಒಂದಷ್ಟು ದೂರ ಹೋಗಿರಬೇಕು, ಇಂಜಿನ್ನಿನೊಳಗೆ ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದಾಗಿ ಕಾರು ನಿಂತುಬಿಟ್ಟಿತು. ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದರೆ ಇಂಜಿನ್ನು ಅಲುಗಲಿಲ್ಲ. ಹೊಲದಲ್ಲಿದ್ದವರು ಎತ್ತಿನ ಗಾಡಿ ಕಟ್ಟಿಕೊಟ್ಟರು. ಅದು ಹುಣಸೂರು ಮುಟ್ಟುವ ಮೊದಲೇ ಅಣ್ಣ ಅತ್ತಿಗೆಯ ತೊಡೆಯ ಮೇಲೆ ಪ್ರಾಣ ಬಿಟ್ಟ.

ತಿಥಿ ಮುಗಿದ ಮೇಲೆ ಅತ್ತಿಗೆ ಎತ್ತು ಕಟ್ಟಿಸಿ ಆ ಕಾರನ್ನು ಸರಗೂರಿಗೆ ಎಳೆಸಿದರು. ಕೊಟ್ಟಿಗೆಯೊಳಗೆ ನಿಲ್ಲಿಸಿ ಹುಲ್ಲು ಮುಚ್ಚಿದರು. ಯಾರೋ ಕೇಳಿಕೊಂಡು ಬಂದರೂ ಕೊಡಲಿಲ್ಲ. ನನ್ನೊಡನೆ ಮಾತೂ ಕಡಿಮೆಯಾಯಿತು.

ಮುಂದೆ ನಾನು ಹೇಗೋ ಟೈರು ಹೊಂದಿಸಿಕೊಂಡು ಓಡಿಸುತ್ತಿದ್ದಾಗ ನನ್ನ ಇಂಜಿನ್ನಿನ ಬಹುಪಾಲು ವಾಲ್ವುಗಳು ಸುಟ್ಟುಹೋದವು. ಯುದ್ಧದಿಂದಾಗಿ ಮೈಸೂರಿನಲ್ಲೂ ಹೊಸವು ಇಲ್ಲ. ಹೊಂದುವ ಸಾಮಾನು ನನಗೆ ತಿಳಿದಂತೆ ಇದ್ದದ್ದು ಒಂದೇ ಕಡೆ. ಮನಸ್ಸು ಗಟ್ಟಿಮಾಡಿಕೊಂಡು ಸರಗೂರಿಗೆ ಹೋಗಿ ಕೇಳಿದೆ.

ಅತ್ತಿಗೆ ರಾಗಿ ಕೇರುತ್ತಿದ್ದರು. ಮೊರ ಕೆಳಗಿಡಲಿಲ್ಲ.

"ಅವತ್ತು ಗಾಡಿ ಯಾಕೆ ನಿಂತ್ಕಂತು ಅಂತ ನಂಗೆ ಯೇಳು. ಆಮ್ಯಾಕೆ ಏನ್ ಬೇಕೋ ತಕಂಡೋಗು."

"ಬಿಚ್ಚಿ ನೋಡ್ದೆ ಹೆಂಗೆ ಯೇಳ್ಲಿ ಅತ್ಗೆ?"

"ಬಿಚ್ಚು ಮತ್ತೆ. ನನ್ನ ಮುಂದೆ ಬಿಚ್ಚು."

ಹುಲ್ಲು ಸರಿಸಿ ಕೆಲಸ ಹಿಡಿದೆ. ವಾಲ್ವೆಂದರೆ ಉದ್ದ ಕಾಲಿನ ನಾಯಿಕೊಡೆಯ ಹಾಗಿರುತ್ತದೆ. ಅದರ ಕಾಲು ಗೈಡ್ ಎಂಬ ಕೊಳವೆಯೊಳಗೆ ಮೇಲೆ ಕೆಳಗೆ ಆಡಬೇಕು. ಅದನ್ನು ಒತ್ತುವ ರಾಕರು, ರಾಕರನ್ನು ಎತ್ತುವ ಕಡ್ಡಿ, ಹಿಂದಕ್ಕೆಳೆಯುವ ಸ್ಪ್ರಿಂಗು, ಇವೆಲ್ಲ ಒಂದರ ಜೊತೆ ಒಂದು ಸವೆದು ಹೊಂದಿಕೊಂಡಿರುತ್ತವೆ. ಹಾಗಾಗಿ ಹಲಗೆಗೆ ತೂತು ಕೊರೆದು, ಬಿಚ್ಚಿದ ಕ್ರಮದಲ್ಲೇ ಚುಚ್ಚುತ್ತಾ ಬಂದೆ. ಅತ್ತಿಗೆ ಪಕ್ಕದಲ್ಲಿ ಕುಳಿತು ಹಳೇ ಸೀರೆಯ ಬಟ್ಟೆಯಿಂದ ಒಂದೊಂದನ್ನೂ ಒರೆಸಿ ಕೊಡುತ್ತಿದ್ದರು.

ಒಂದು ವಾಲ್ವಿನ ತಲೆಯೇ ಇರಲಿಲ್ಲ. ಅದು ಮುರಿದು ಪಿಸ್ಟನ್ನಿನ ಮೇಲೆ ಬಿದ್ದು ನಜ್ಜುಗುಜ್ಜಾಗಿತ್ತು. ಉಳಿದ ಕಾಲು ಗೈಡಿನೊಳಗೆ ಕಚ್ಚಿಕೊಂಡಿತ್ತು. ಸುತ್ತಿಗೆಯಿಂದ ತಟ್ಟಿ ತೆಗೆದೆ. ಅದು ನಮ್ಮ ಕಂಪನಿಯದಲ್ಲ. ಬೇರೆ ಯಾವುದೋ ಇಂಜಿನ್ನಿನ ದಪ್ಪ ಕಾಲಿನ ವಾಲ್ವನ್ನು ಎಮೆರಿ ಕಾಗದದಿಂದ ಉಜ್ಜಿ ಉಜ್ಜಿ ಸಣ್ಣ ಮಾಡಿದ್ದರು. ಉಜ್ಜಿದ ಗೆರೆಗಳು ಓರೆಯಾಗಿದ್ದವು. ಎಡಗೈಯಲ್ಲಿ ಹಾಗೆ ಉಜ್ಜುತ್ತಿದ್ದವನು ನಮ್ಮಣ್ಣನೇ.

ಅದನ್ನು ನಾನು ಹಲಗೆಗೆ ಚುಚ್ಚದೆ ಕೈಯಲ್ಲೇ ಹಿಡಿದದ್ದನ್ನು ಅತ್ತಿಗೆ ಕಂಡರು.

"ಅದೇನು ಅಂತ ಯೇಳು."

ಸುಳ್ಳು ಹೇಳಬಹುದಿತ್ತು. ಅಷ್ಟು ಹೊತ್ತು ಪಕ್ಕದಲ್ಲಿ ಕುಳಿತು ಮಸಿ ಒರೆಸಿದವರಿಗೆ ಹೇಳಲು ಬಾಯಿ ಬರಲಿಲ್ಲ. "ಇದು ಈ ಗಾಡೀದಲ್ಲ ಅತ್ಗೆ. ಅಣ್ಣ ಉಜ್ಜಿ ಕೂರ್ಸವ್ನೆ. ಬಿಸಿಯೇರಿ ಉಬ್ಬಿ ಕಚ್ಕೊಂಡದೆ. ಮೇಲೆ ಬಂದ ಪಿಸ್ಟನ್ನು ಹೊಡ್ದು ತಲೆ ಮುರಿತು."

ಅವರು ಆ ತುಂಡನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು.

"ಗೌರಿ ಹಬ್ಬಕ್ಕೆ ಭೇರ್ಯದ ನಮ್ಮ ತವರ್ಗೆ ಕರ್ಕೊಂಡೋಗಿ ಅಂತ ನಾನೇ ಜೀವ ತಿಂದಿದ್ದೆ. ಗಾಡಿ ಬಿಚ್ಚಾಕಿದ್ರು, ಸಾಮಾನು ಸಿಕ್ಕಿಲ್ಲ ಅಂತಿದ್ರು. ನಾ ಕೇಳ್ಲಿಲ್ಲ. ಎಲ್ಲಿಂದ್ಲೋ ಇದ ತಂದು ಹಾಕುದ್ರು."

"ಹಬ್ಬಕ್ಕೆ ಹೋಗಿ ಬಂದಾಗ ಓಡ್ತಲ್ಲ ಅತ್ಗೆ. ಮೆಲ್ಲಗೆ ಓಡುಸುದ್ರೆ ಓಡೋದೆ. ಅವತ್ತು ಅಷ್ಟೊಂದು ಜೋರಾಗಿ ಓಡಿಸ್ದೋನು ನಾನು. ಯಾರ ತಲೆಗೆ ಅಂತ ಕಟ್ಟೋದು?"

ಅವರು ಎದ್ದು ಒಳಗೆ ಹೋದರು. ಮತ್ತೆ ಹೊರಗೆ ಬಂದಾಗ ಮುಖ ತೊಳೆದಿದ್ದರು. "ಬೇಕಾದ್ದು ತಕಂಡೋಗು. ಚೆನ್ನಾಗಿರೋದೇ ತಕೊ," ಎಂದರು.

ಹುಣಸೂರಿನಲ್ಲಿ ಅವುಗಳನ್ನು ಹೊಂದಿಸುವಾಗ ನಾನು ಅವಸರ ಮಾಡಲಿಲ್ಲ. ಕಾಲಿಗೆ ಎಣ್ಣೆ ಸವರಿ ಗೈಡಿನೊಳಗೆ ಬಿಟ್ಟರೆ ತನ್ನ ಭಾರಕ್ಕೇ ಮೆಲ್ಲಗೆ ಇಳಿಯಬೇಕು. ದಡಕ್ಕನೆ ಬಿದ್ದರೆ ಸಡಿಲ, ತಡೆದರೆ ಬಿಗಿ. ಹಾಗೆ ಒಂದೊಂದನ್ನೂ ಇಳಿಸಿ ನೋಡಿದೆ. ಎರಡು ಸ್ಪ್ರಿಂಗುಗಳನ್ನು ತುದಿಗೆ ತುದಿಯಿಟ್ಟು ವೈಸ್ ಎಂಬ ಇಕ್ಕಳದಲ್ಲಿ ಒತ್ತಿದರೆ ಸೋತದ್ದು ಹೆಚ್ಚು ಕುಗ್ಗುತ್ತದೆ, ಸೋತವನ್ನು ಆಚೆಗಿಟ್ಟೆ. ಅನುಮಾನ ಬಂದ ಯಾವುದನ್ನೂ ಉಜ್ಜಿ ಸರಿಮಾಡಲು ಹೋಗಲಿಲ್ಲ. ಮುರಿದದ್ದರ ಜಾಗಕ್ಕೆ ನನ್ನದರಲ್ಲೇ ಸುಡದೆ ಉಳಿದ ಒಂದು ಹೊಂದಿತು. ಇಂಜಿನ್ನು ನಡೆಯಿತು.

ಮೊದಲ ಬಾಡಿಗೆಗೆ ಮುಂಚೆ ಸರಗೂರಿಗೆ ಹೋದೆ. ಅತ್ತಿಗೆ ಬಾಗಿಲಲ್ಲೇ ನಿಂತು ಹೇಳಿದರು: "ಅವತ್ತು ಕೋಟೆ ಆಸ್ಪತ್ರೇಲಿ ನೋಡುದ್ರಲ್ಲ, ಆ ಡಾಕ್ಟ್ರ ತಾವ ಕರ್ಕೊಂಡೋಗು."

ಕೋಟೆಗೆ ಕರೆದೊಯ್ದೆ. ಡಾಕ್ಟರು ವಯಸ್ಸಾದವರು. ಅತ್ತಿಗೆ ಕುಳಿತುಕೊಳ್ಳದೆ ನಿಂತೇ ಕೇಳಿದರು. "ಗಾಡಿ ನಿಲ್ದೆ ಇದ್ದಿದ್ರೆ ನಮ್ಮೋರು ಉಳೀತಿದ್ರಾ ಸ್ವಾಮಿ?"

ಡಾಕ್ಟರು ಹೇಳಿದರು: "ನನಗೆ ಗೊತ್ತಿಲ್ಲಮ್ಮ. ಆ ಜ್ವರ ತಲೆಗೇರಿದರೆ ಬೇಗ ಬಂದವರೂ ಹೋಗಿದ್ದಾರೆ, ತಡವಾಗಿ ಬಂದವರೂ ಉಳಿದಿದ್ದಾರೆ. ಉಳೀತಿದ್ದರು ಅಂದರೂ ಸುಳ್ಳಾಗುತ್ತೆ, ಇಲ್ಲ ಅಂದರೂ ಸುಳ್ಳಾಗುತ್ತೆ."

ಅತ್ತಿಗೆ ಕೈ ಮುಗಿದು ಹೊರಗೆ ಬಂದರು. ಅಳುತ್ತಾರೆಂದುಕೊಂಡೆ, ಅಳಲಿಲ್ಲ. ವಾಪಸು ಬರುವಾಗ ಕೋಟೆಯ ಪೇಟೆಯಲ್ಲಿ ಕಾರು ನಿಲ್ಲಿಸಲು ಹೇಳಿ, ಇಳಿದು ಬಿತ್ತನೆ ಹುರುಳಿ ಕೊಂಡರು. ಕಾಳನ್ನು ಅಂಗೈಯಲ್ಲಿ ಹರಡಿ ಹುಳ ಹತ್ತಿದೆಯೇ ಎಂದು ನೋಡುತ್ತಾ, "ಹೊಲ ಬೀಳು ಬಿದ್ದದೆ. ಈ ಸಲ ನಾನೇ ನಿಂತು ಬಿತ್ತುಸ್ತೀನಿ," ಎಂದರು.

ಸರಗೂರಿನಲ್ಲಿ ಚೀಲ ಇಳಿಸಿ ನಾನು ಹೊರಟಾಗ ಕರೆದು ನಿಲ್ಲಿಸಿದರು.

"ಮುದ್ದೆ ತಿರುವ್ತೀನಿ. ಉಂಡ್ಕೊಂಡು ಹೋಗು ಕಣಪ್ಪ."

ಜಗಲಿಯ ಮೇಲೆ ಕುಳಿತೆ. ಒಳಗೆ ಒಲೆ ಊದುವ ಸದ್ದು ಕೇಳುತ್ತಿತ್ತು.